ಮತ್ತೆ ಮತ್ತೆ ಕೆಡುವ ಪುಟ್ಟ ನಾಯಿಯ ಹೊಟ್ಟೆ: ಮೂಲ ಹುಡುಕುವ ದಾರಿ

ಎರಡು ದಿನ ಭೇದಿ. ಡಾಕ್ಟರ ಹತ್ತಿರ ಒಂದು ಇಂಜೆಕ್ಷನ್, ಐದು ದಿನಕ್ಕೆ ಮಾತ್ರೆ, ಮನೆಯಲ್ಲಿ ಸಪ್ಪೆ ಅನ್ನ ಮತ್ತು ಬೇಯಿಸಿದ ಕೋಳಿ. ಮಲ ಗಟ್ಟಿಯಾಗುತ್ತದೆ, ನಾಯಿ ಮತ್ತೆ ಸೋಫಾ ಹತ್ತುತ್ತದೆ, ಮನೆಯವರಿಗೆ ಸಮಾಧಾನ. ತಿಂಗಳು ತುಂಬುವುದರೊಳಗೆ ಪುನಃ ಅದೇ ಕಥೆ. ಬೆಂಗಳೂರಿನಲ್ಲಿ ಶಿಟ್ಜು, ಪಗ್, ಪಾಮೇರಿಯನ್, ಲಾಸಾ ಸಾಕಿದ ಮನೆಗಳಲ್ಲಿ ಇದು ಎಷ್ಟು ಮಾಮೂಲಾಗಿದೆಯೆಂದರೆ, "ನಮ್ಮದಕ್ಕೆ ಹೊಟ್ಟೆ ಸೂಕ್ಷ್ಮ" ಎಂದು ಅನೇಕರು ಅದನ್ನು ನಾಯಿಯ ಸ್ವಭಾವವೆಂದೇ ಒಪ್ಪಿಕೊಂಡುಬಿಟ್ಟಿದ್ದಾರೆ.

ಒಪ್ಪಿಕೊಳ್ಳುವ ಮುಂಚೆ ಸ್ವಲ್ಪ ಯೋಚಿಸಿ. ವರ್ಷಕ್ಕೆ ಒಂದೆರಡು ಸಲ ನಾಯಿಯ ಹೊಟ್ಟೆ ಕೆಡುವುದು ಸಹಜ. ತಿಂಗಳು ತಿಂಗಳೂ ಮರಳಿ ಬರುವ ಭೇದಿಯ ಲೆಕ್ಕ ಬೇರೆ. ಪ್ರತಿ ಸಲವೂ ಹೊಸ ಕಾಯಿಲೆ ಬಂದಿರುವ ಸಾಧ್ಯತೆ ಕಡಿಮೆ. ಬಹುಮಟ್ಟಿಗೆ ಒಂದೇ ತೊಂದರೆ ಒಳಗೇ ಕೂತಿರುತ್ತದೆ, ನಾವು ಪ್ರತಿ ಸಲ ಲಕ್ಷಣವನ್ನು ನಿಲ್ಲಿಸಿ ಕಾರಣವನ್ನು ಅಲ್ಲೇ ಬಿಟ್ಟಿರುತ್ತೇವೆ. 3 ವಾರ ದಾಟಿದ ಭೇದಿ ಅಥವಾ ವಾಂತಿಯನ್ನು ಪಶುವೈದ್ಯರು ದೀರ್ಘಕಾಲದ ತೊಂದರೆಯೆಂದು ಪರಿಗಣಿಸಿ ಹುಡುಕಾಟದ ಕ್ರಮವನ್ನೇ ಬದಲಿಸುತ್ತಾರೆ. ನಿಂತು ನಿಂತು ಬರುವುದಕ್ಕೂ ಅದೇ ಕ್ರಮ ಬೇಕು. ಮಧ್ಯೆ ಹತ್ತು ದಿನ ಚೆನ್ನಾಗಿತ್ತು ಅನ್ನುವ ಕಾರಣಕ್ಕೆ ಅದು ಕಣ್ತಪ್ಪಿಹೋಗುತ್ತದೆ ಅಷ್ಟೆ.

ಮಾತ್ರೆಯೇ ವಾಸಿ ಮಾಡಿತು ಎಂಬ ನಂಬಿಕೆ ಹುಟ್ಟುವುದೂ ಹೀಗೆಯೇ. ನಾಯಿಗಳಿಗೆ ಇದ್ದಕ್ಕಿದ್ದಂತೆ ಬರುವ ಸಾಧಾರಣ ಭೇದಿ ಹೆಚ್ಚಿನ ಸಲ ಕೆಲವೇ ದಿನಗಳಲ್ಲಿ ತಾನಾಗಿ ನಿಲ್ಲುತ್ತದೆ. ಎರಡನೇ ದಿನ ಮಾತ್ರೆ ಶುರು ಮಾಡಿ ನಾಲ್ಕನೇ ದಿನ ಗುಣವಾದರೆ ಶ್ರೇಯ ಮಾತ್ರೆಗೆ ಹೋಗುತ್ತದೆ. ಮೆಟ್ರೊನಿಡಜೋಲ್ ಎಂಬ ಆ್ಯಂಟಿಬಯಾಟಿಕ್ ಈ ವಿಷಯದಲ್ಲಿ ಬಹಳ ಬಳಕೆಯಲ್ಲಿದೆ. ಅದಕ್ಕೆ ತನ್ನದೇ ಜಾಗವಿದೆ, ಆದರೆ ಅದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ; ಆ ಸಮತೋಲನ ಮರಳಲು ವಾರಗಟ್ಟಲೆ ಬೇಕು. ಜ್ವರವಿಲ್ಲದ, ಸುಸ್ತಿಲ್ಲದ, ಲವಲವಿಕೆಯಿಂದಿರುವ ನಾಯಿಯ ಭೇದಿಗೆ ಆ್ಯಂಟಿಬಯಾಟಿಕ್ ಬೇಡ ಎಂಬುದೇ ಈಗ ಪಶುವೈದ್ಯರ ನಡುವೆ ಬಲಗೊಳ್ಳುತ್ತಿರುವ ನಿಲುವು. "ಡಾಕ್ಟ್ರೇ, ಇದು ಈ ವರ್ಷ ಎಷ್ಟನೆಯದೋ ಆಯಿತು, ಈ ಸಲ ಕಾರಣ ಹುಡುಕೋಣ" ಎಂದು ನೀವಾಗಿ ಕೇಳಿದರೆ ಮಾತುಕತೆಯ ದಿಕ್ಕೇ ಬದಲಾಗುತ್ತದೆ.

ಕಾಯಬಾರದ ಹೊತ್ತು

ಹುಡುಕಾಟದ ವಿಷಯಕ್ಕೆ ಹೋಗುವ ಮುಂಚೆ ಇದನ್ನು ಹೇಳಲೇಬೇಕು. 30 ಕೆಜಿಯ ಲ್ಯಾಬ್ರಡಾರ್‌ಗೆ ಒಂದು ದಿನದ ಭೇದಿ ಬರೀ ಸುಸ್ತು. 4 ಕೆಜಿಯ ನಾಯಿಗೆ ಅದು ಅಪಾಯವಾಗಬಹುದು. 4 ಕೆಜಿಯ ದೇಹದಿಂದ 200 ಮಿ.ಲೀ. ನೀರು ಹೋದರೆ ತೂಕದ ನೂರಕ್ಕೆ 5ರಷ್ಟು ಹೋದ ಹಾಗೆ, ಆ ಹೊತ್ತಿಗೆ ಒಸಡು ಒಣಗಿ ಅಂಟಂಟಾಗಲು ಶುರುವಾಗಿರುತ್ತದೆ. ಪುಟ್ಟ ತಳಿಗಳ ಮರಿಗಳಲ್ಲಿ ಊಟ ತಪ್ಪಿದರೆ ರಕ್ತದ ಸಕ್ಕರೆಯೂ ಬೇಗ ಕುಸಿಯುತ್ತದೆ, ಮರಿ ತೂರಾಡುತ್ತದೆ, ಕೆಲವೊಮ್ಮೆ ಫಿಟ್ಸ್ ಬರುತ್ತದೆ. "ಒಂದು ದಿನ ಉಪವಾಸ ಹಾಕಿ, ಸರಿಹೋಗುತ್ತೆ" ಎಂಬ ಹಳೆಯ ಸಲಹೆಯನ್ನು ಪುಟ್ಟ ನಾಯಿಯ ಮೇಲೆ ಪ್ರಯೋಗಿಸಬೇಡಿ. ವಾಂತಿ ಇಲ್ಲದಿದ್ದರೆ ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ನಾಲ್ಕೈದು ಸಲ ಊಟ ಕೊಡುವುದೇ ಕರುಳಿಗೆ ಒಳ್ಳೆಯದು.

ನೀರು ಕುಡಿದರೂ ವಾಂತಿಯಾಗುತ್ತಿದ್ದರೆ, ಒಸಡು ಬಿಳಿಚಿಕೊಂಡಿದ್ದರೆ, ಹೊಟ್ಟೆ ಉಬ್ಬಿದ್ದರೆ, ಮಲ ಟಾರಿನಂತೆ ಕಪ್ಪಗಿದ್ದರೆ, ನಾಯಿ ಕರೆದರೆ ಏಳದಿದ್ದರೆ, ಬೆಳಗಾಗಲಿ ಅನ್ನಬೇಡಿ. ಪುಟ್ಟ ತಳಿಗಳಿಗೇ ಹೆಚ್ಚಾಗಿ ಬರುವ ಒಂದು ವಿಶೇಷ ತೊಂದರೆ ಇದೆ: ಸಂಜೆಯವರೆಗೆ ಚೆನ್ನಾಗಿದ್ದ ನಾಯಿ ಇದ್ದಕ್ಕಿದ್ದಂತೆ ವಾಂತಿ ಮಾಡಿ, ಕೆಲವೇ ಗಂಟೆಗಳಲ್ಲಿ ಕೆಂಪು ಜಾಮ್‌ನಂಥ ರಕ್ತಭೇದಿ ಶುರುವಾಗುತ್ತದೆ. ರಕ್ತದಿಂದ ನೀರಿನಂಶ ಕರುಳಿಗೆ ಸೋರಿ ಉಳಿದ ರಕ್ತ ಗಟ್ಟಿಯಾಗುತ್ತ ಹೋಗುತ್ತದೆ. ಸಕಾಲಕ್ಕೆ ಡ್ರಿಪ್ ಸಿಕ್ಕರೆ ಹೆಚ್ಚಿನವು ಒಂದೆರಡು ದಿನದಲ್ಲಿ ಚೇತರಿಸಿಕೊಳ್ಳುತ್ತವೆ. ಸಿಗದಿದ್ದರೆ ಜೀವಕ್ಕೇ ಕುತ್ತು. ಲಸಿಕೆ ಪೂರ್ತಿಯಾಗದ ಮರಿಗೆ ವಾಂತಿ-ಭೇದಿಯಾದರೆ ಮೊದಲು ಪಾರ್ವೊ ಎಂಬ ಅಪಾಯಕಾರಿ ವೈರಸ್ಸಿನ ಪರೀಕ್ಷೆ ಆಗಬೇಕು. ಆ ಲಸಿಕೆಯ ಸರಣಿ 6ರಿಂದ 8 ವಾರದ ವಯಸ್ಸಿಗೆ ಶುರುವಾಗಿ 16 ವಾರದವರೆಗೆ ನಡೆಯುತ್ತದೆ, ಒಂದೇ ಚುಚ್ಚುಮದ್ದಿಗೆ ಮುಗಿಯುವುದಿಲ್ಲ. ಮಳೆಗಾಲದಲ್ಲಿ ವಾಂತಿಯ ಜೊತೆ ಕಣ್ಣು, ಒಸಡು ಹಳದಿಯಾದರೆ ಅದು ಇಲಿಜ್ವರ ಇರಬಹುದು. ಮನುಷ್ಯರಿಗೂ ಹರಡುವ ಕಾಯಿಲೆಯಾದ್ದರಿಂದ ಮೂತ್ರವನ್ನು ಬರಿಗೈಯಲ್ಲಿ ಒರೆಸಬೇಡಿ. ರಾತ್ರಿ ತೆರೆದಿರುವ ಆಸ್ಪತ್ರೆ ನಿಮ್ಮ ಬಡಾವಣೆಗೆ ಹತ್ತಿರ ಯಾವುದು ಎಂಬುದನ್ನು ನಾಯಿ ಚೆನ್ನಾಗಿರುವಾಗಲೇ ವಿಚಾರಿಸಿ ನಂಬರ್ ಬರೆದಿಟ್ಟುಕೊಳ್ಳಿ. ರಾತ್ರಿ 2 ಗಂಟೆಗೆ ಹುಡುಕುವ ಕೆಲಸ ಅದಲ್ಲ.

ಮನೆಯ ಔಷಧಿ ಡಬ್ಬಿಯಿಂದ ಏನನ್ನೂ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೊಫಿನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತವೆ. ನಮಗೆ ಬರೆದುಕೊಟ್ಟ ಭೇದಿ ಮಾತ್ರೆಯ ಅರ್ಧ ಚೂರು ಕೂಡ 4 ಕೆಜಿಯ ಪ್ರಾಣಿಗೆ ದೊಡ್ಡ ಡೋಸೇ.

ಮಲ ಹೇಳುವ ಸುದ್ದಿ

ನೋಡಲು ಅಸಹ್ಯವಾದರೂ, ಡಾಕ್ಟರಿಗೆ ನೀವು ಕೊಡಬಹುದಾದ ಅತ್ಯಂತ ಬೆಲೆಯುಳ್ಳ ಮಾಹಿತಿ ಇದು. ತೊಂದರೆ ಸಣ್ಣ ಕರುಳಿನದೋ ದೊಡ್ಡ ಕರುಳಿನದೋ ಎಂಬುದು ಮಲದ ಲಕ್ಷಣದಿಂದಲೇ ಬಹುಪಾಲು ತಿಳಿಯುತ್ತದೆ.

ದೊಡ್ಡ ಕರುಳು ಕೆರಳಿದ್ದರೆ ನಾಯಿ ದಿನಕ್ಕೆ ಆರೇಳು ಸಲ, ಕೆಲವೊಮ್ಮೆ ಹೆಚ್ಚು ಸಲ ಹೊರಗೆ ಓಡುತ್ತದೆ. ಪ್ರತಿ ಸಲ ಬರುವುದು ಒಂದು ಚಮಚದಷ್ಟು. ಲೋಳೆ ಇರುತ್ತದೆ, ಕೊನೆಯಲ್ಲಿ ಒಂದೆರಡು ಹನಿ ಕೆಂಪು ರಕ್ತ ಇರಬಹುದು, ಮುಗಿದ ಮೇಲೂ ತಿಣುಕುತ್ತ ಕೂರುತ್ತದೆ. ನೋಡಿದವರಿಗೆ ಗಾಬರಿ, ಆದರೆ ಸಾಮಾನ್ಯವಾಗಿ ತೂಕ ಇಳಿದಿರುವುದಿಲ್ಲ. ಸಣ್ಣ ಕರುಳಿನ ತೊಂದರೆ ಇದಕ್ಕೆ ತದ್ವಿರುದ್ಧ: ಎರಡು-ಮೂರು ಸಲವೇ ಹೋದರೂ ಪ್ರಮಾಣ ಹೆಚ್ಚು, ನೀರುನೀರು, ಲೋಳೆ ಕಡಿಮೆ, ಹೊಟ್ಟೆ ಗುಡುಗುಡು ಅನ್ನುತ್ತದೆ. ತಿಂದದ್ದು ಮೈಗೆ ಹತ್ತುವ ಜಾಗವೇ ಕೆಟ್ಟಿರುವುದರಿಂದ ನಾಯಿ ನಿಧಾನವಾಗಿ ಸೊರಗುತ್ತದೆ. ಮೊದಲನೆಯದು ಮನೆಯವರನ್ನು ಹೆದರಿಸುತ್ತದೆ, ಎರಡನೆಯದು ಹೆದರಿಸದೆ ಬೆಳೆಯುತ್ತದೆ. ನನ್ನ ಮಟ್ಟಿಗೆ ಹೆಚ್ಚು ಚಿಂತೆಯ ವಿಷಯ ಎರಡನೆಯದೇ.

ಹಾಗಾಗಿ ತೂಕ ನೋಡಿ. 5 ಕೆಜಿಯ ನಾಯಿ 300 ಗ್ರಾಂ ಕಳೆದುಕೊಂಡರೆ ಕಣ್ಣಿಗೆ ಕಾಣುವುದಿಲ್ಲ, ಶಿಟ್ಜುವಿನ ರೋಮದ ಅಡಿಯಲ್ಲಂತೂ ಕಾಣುವುದೇ ಇಲ್ಲ. ಅದು ನೂರಕ್ಕೆ 6ರಷ್ಟು. ವಾರಕ್ಕೊಮ್ಮೆ ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆಯಿರಿ. ಇದರ ಜೊತೆ ಒಂದು ನೋಟ್‌ಬುಕ್ಕಿನಲ್ಲೋ ಫೋನಿನಲ್ಲೋ ದಿನಾಂಕ, ಮಲ ಹೇಗಿತ್ತು, ವಾಂತಿ ಎಷ್ಟು ಹೊತ್ತಿಗೆ, ಏನು ತಿಂದಿತ್ತು, ಯಾವ ಮಾತ್ರೆ ಕೊಟ್ಟಿರಿ, ಮನೆಗೆ ಯಾರಾದರೂ ಬಂದಿದ್ದರೇ, ಪಟಾಕಿ ಹೊಡೆದಿದ್ದರೇ ಎಂಬುದನ್ನು ಬರೆದಿಡಿ. ಮಲದ ಫೋಟೊ ತೆಗೆದಿಡಲು ಸಂಕೋಚ ಬೇಡ, ಪಶುವೈದ್ಯರು ಅದನ್ನು ಸಂತೋಷದಿಂದ ನೋಡುತ್ತಾರೆ. ಅವರ ಬಳಿ 1ರಿಂದ 7ರವರೆಗಿನ ಅಳತೆಪಟ್ಟಿಯೇ ಇದೆ: 1 ಅಂದರೆ ಕಲ್ಲಿನಷ್ಟು ಗಟ್ಟಿ, 7 ಅಂದರೆ ನೀರು, 2-3 ಇದ್ದರೆ ಸರಿ. ನಮ್ಮೂರಿನಲ್ಲಿ ಒಂದು ಸಲ ಮನೆ ಹತ್ತಿರದ ಕ್ಲಿನಿಕ್, ಇನ್ನೊಂದು ಸಲ ಆಫೀಸಿನ ದಾರಿಯ ಕ್ಲಿನಿಕ್, ಭಾನುವಾರ ತೆರೆದಿದ್ದ ಮತ್ತೊಂದು ಎಂದು ಸುತ್ತುವುದು ಹೆಚ್ಚು. ಪ್ರತಿಯೊಬ್ಬ ಡಾಕ್ಟರೂ ಅದನ್ನು ಮೊದಲ ಭೇದಿಯೆಂದೇ ನೋಡುತ್ತಾರೆ. ಒಬ್ಬರೇ ಡಾಕ್ಟರ್, ಒಂದೇ ಫೈಲ್ ಎಂಬ ನಿಯಮದಿಂದಲೇ ಅರ್ಧ ದಾರಿ ಸಾಗುತ್ತದೆ.

ಹೊಟ್ಟೆಗೆ ಏನೇನು ಹೋಗುತ್ತಿದೆ

5 ಕೆಜಿ ತೂಕದ, ಸಂತಾನಹರಣ ಶಸ್ತ್ರಚಿಕಿತ್ಸೆಯಾದ ವಯಸ್ಕ ನಾಯಿಗೆ ದಿನಕ್ಕೆ ಬೇಕಾದ್ದು ಹೆಚ್ಚುಕಡಿಮೆ 375 ಕ್ಯಾಲೊರಿ. ಊಟದ ಹೊರತಾದ ತಿಂಡಿ ಅದರ ಹತ್ತನೇ ಒಂದು ಭಾಗ ಮೀರಬಾರದು ಎನ್ನುತ್ತಾರೆ, ಅಂದರೆ 35ರಿಂದ 40 ಕ್ಯಾಲೊರಿ. ಒಂದು ಸಾಧಾರಣ ಇಡ್ಲಿಗೆ ಆ ಪಾಲು ಮುಗಿದುಹೋಗುತ್ತದೆ. ಈಗ ನಮ್ಮ ಮನೆಗಳಲ್ಲಿ ನಡೆಯುವುದನ್ನು ನೋಡಿ: ಬೆಳಗಿನ ಕಾಫಿಯ ಜೊತೆ ಅಜ್ಜಿಯ ಕೈಯಿಂದ ಎರಡು ಬಿಸ್ಕತ್ತು, ತಿಂಡಿಗೆ ದೋಸೆಯ ಅಂಚು, ಅಡುಗೆಯವರು ಕೊಟ್ಟ ಚಪಾತಿ ಚೂರು, ಗೇಟಿನ ಬಳಿ ವಾಚ್‌ಮನ್ ಪ್ರೀತಿಯಿಂದ ಕೊಟ್ಟ ಪಾರ್ಲೆ-ಜಿ, ರಾತ್ರಿ ಮಕ್ಕಳ ತಟ್ಟೆಯ ಪನೀರ್. ಕೊಟ್ಟವರಿಗೆಲ್ಲ ಅದು "ಸ್ವಲ್ಪ". ತಿನ್ನುವುದು ಒಂದೇ ಪುಟ್ಟ ಹೊಟ್ಟೆ. ಮನೆಯವರೆಲ್ಲ ಒಮ್ಮೆ ಕೂತು, ಯಾರನ್ನೂ ದೂರದೆ, ದಿನವಿಡೀ ಏನೇನು ಹೋಗುತ್ತಿದೆ ಎಂದು ಪಟ್ಟಿ ಮಾಡಿದರೆ ಕಾರಣ ಅಲ್ಲೇ ಸಿಗುವುದೂ ಉಂಟು.

ಕೆಲವು ಪದಾರ್ಥಗಳು ಅಳತೆಯ ಪ್ರಶ್ನೆಯೇ ಅಲ್ಲ, ವಿಷ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿಯನ್ನು ಕೆಡಿಸಬಲ್ಲವು, ಆದ್ದರಿಂದ ಪಾಯಸ, ಕೇಸರಿಬಾತ್ ಬೇಡವೇ ಬೇಡ. ಈರುಳ್ಳಿ-ಬೆಳ್ಳುಳ್ಳಿ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಆ ಗುಣ ಹೋಗದು, ಹಾಗಾಗಿ ಸಾಂಬಾರನ್ನ, ಪಲಾವ್, ಬಿರಿಯಾನಿಯ ಉಳಿಕೆಯೂ ಬೇಡ. ಚಾಕೊಲೇಟ್, ಸಕ್ಕರೆರಹಿತ ಚೂಯಿಂಗ್ ಗಮ್ಮಿನಲ್ಲಿರುವ ಜೈಲಿಟಾಲ್ ಕೂಡ ಇದೇ ಸಾಲಿನವು. ಹಬ್ಬದ ಮರುದಿನ ಬರುವ ವಾಂತಿಯ ಹಿಂದೆ ಸಾಮಾನ್ಯವಾಗಿ ತುಪ್ಪ, ಎಣ್ಣೆ, ಕೋಳಿಯ ಚರ್ಮ ಇರುತ್ತವೆ; ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಡ್ರೈ ಫುಡ್ ಕೊಡುವವರು ಚೀಲದ ಅಳತೆಯನ್ನೂ ನೋಡಬೇಕು. ಪುಟ್ಟ ನಾಯಿ ದಿನಕ್ಕೆ ತಿನ್ನುವುದು ಹೆಚ್ಚೆಂದರೆ 100 ಗ್ರಾಂ. ಅಗ್ಗವೆಂದು 10 ಕೆಜಿ ಚೀಲ ತಂದರೆ ಅದು ಮೂರು ತಿಂಗಳಿಗೂ ಹೆಚ್ಚು ಕಾಲ ತೆರೆದೇ ಇರುತ್ತದೆ. ಅಷ್ಟರಲ್ಲಿ ಅದರ ಕೊಬ್ಬು ಕಮಟು ಹಿಡಿಯುತ್ತದೆ, ಜೂನ್‌ನಿಂದ ಅಕ್ಟೋಬರ್‌ವರೆಗಿನ ತೇವಕ್ಕೆ ಬೂಷ್ಟೂ ಕಟ್ಟಬಹುದು. ಅಂಗಡಿಗಳಲ್ಲಿ ಬಿಡಿಯಾಗಿ ತೂಗಿ ಕೊಡುವ ಕಿಬಲ್ (ಡ್ರೈ ಫುಡ್ ಕಾಳು) ಯಾವಾಗ ತೆರೆದದ್ದೋ ಯಾರಿಗೂ ಗೊತ್ತಿರುವುದಿಲ್ಲ. ಪುಟ್ಟ ನಾಯಿಗೆ ಪುಟ್ಟ ಚೀಲ, ತಿಂಗಳೊಳಗೆ ಮುಗಿಯುವಂಥದ್ದು. ಒಂದು ಬ್ರ್ಯಾಂಡಿನಿಂದ ಇನ್ನೊಂದಕ್ಕೆ ಹೋಗುವಾಗ ವಾರ ಹಿಡಿಸಿ ನಿಧಾನವಾಗಿ ಬೆರೆಸಿ ಬದಲಿಸಿ.

ಹೊರಗಿನ ಲೋಕವೂ ಇದೆ. ಬೀದಿನಾಯಿಗಳಿಗೆಂದು ಮರದ ಬುಡದಲ್ಲಿ ಯಾರೋ ಇಟ್ಟ ಅನ್ನ, ಕಸದ ಬ್ಲ್ಯಾಕ್ ಸ್ಪಾಟಿನ ಕೋಳಿ ಮೂಳೆ, ಮಳೆನೀರಿನ ಹೊಂಡ, ಔಷಧಿ ಸಿಂಪಡಿಸಿದ ಹುಲ್ಲು. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಹುಲ್ಲುಹಾಸಿಗೆ ಬಿಡುವುದು ಎಸ್‌ಟಿಪಿಯ ಶುದ್ಧೀಕರಿಸಿದ ಕೊಳಚೆನೀರು. ಗಿಡಕ್ಕೆ ಅದು ಸರಿ, ನಾಯಿ ನೆಕ್ಕುವುದಕ್ಕಲ್ಲ. ವಾಕಿಂಗಿನಿಂದ ಬಂದ ಕೂಡಲೇ ಪಾದ ತೊಳೆದು ಒರೆಸುವ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಜಂತುಹುಳದ ಮಾತ್ರೆ ಕೊಟ್ಟಾಗಿದೆ, ಆದರೂ

ಮೂರು ತಿಂಗಳಿಗೊಮ್ಮೆ ಜಂತುಹುಳದ ಮಾತ್ರೆ ಹಾಕುವ ಮನೆಗಳಲ್ಲೂ ಪರಾವಲಂಬಿ ಜೀವಿಗಳಿಂದಲೇ ಭೇದಿ ಮರುಕಳಿಸುತ್ತದೆ. ಮುಖ್ಯ ಕಾರಣ ಜಿಯಾರ್ಡಿಯಾ. ಇದು ಹುಳುವಲ್ಲ, ಕಣ್ಣಿಗೆ ಕಾಣದ ಏಕಕೋಶ ಜೀವಿ. ಮಾಮೂಲಿ ಒಂದು ದಿನದ ಮಾತ್ರೆಗೆ ಬಗ್ಗುವುದಿಲ್ಲ. ಜೊತೆಗೆ, ಇದರ ಗಟ್ಟಿ ಹೊದಿಕೆಯ ಸಿಸ್ಟುಗಳು ಮಲದಲ್ಲಿ ದಿನವೂ ಬೀಳುವುದಿಲ್ಲ. ಒಂದು ದಿನದ ಮಲಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂದರೆ ಅದು ಪೂರ್ತಿ ಉತ್ತರವಲ್ಲ. ಬೇರೆ ಬೇರೆ ದಿನದ ಮೂರು ಮಾದರಿ ನೋಡಬೇಕು, ಇಲ್ಲವೇ ಜಿಯಾರ್ಡಿಯಾದ ಪ್ರೋಟೀನನ್ನೇ ಹಿಡಿಯುವ ಕಿಟ್ ಪರೀಕ್ಷೆ ಮಾಡಿಸಬೇಕು. ಮಾದರಿ ಆದಷ್ಟು ತಾಜಾ ಇರಲಿ, ಮುಚ್ಚಳದ ಡಬ್ಬಿಯಲ್ಲಿ ಕೆಲವೇ ಗಂಟೆಗಳೊಳಗೆ ತಲುಪಲಿ.

ಔಷಧಿ ಕೊಟ್ಟ ಮೇಲೂ ಜಿಯಾರ್ಡಿಯಾ ಮರಳುವುದಕ್ಕೆ ಕಾರಣ ರೋಮ. ಉದ್ದ ರೋಮದ ಪುಟ್ಟ ನಾಯಿಗಳ ಹಿಂಭಾಗದಲ್ಲಿ ಸಿಸ್ಟುಗಳು ಅಂಟಿಕೊಂಡಿರುತ್ತವೆ, ನಾಯಿ ನೆಕ್ಕಿಕೊಂಡಾಗ ಮತ್ತೆ ಒಳಹೋಗುತ್ತವೆ. ಅದಕ್ಕೇ ಕೋರ್ಸ್ ಮುಗಿಯುವ ದಿನ ಸೋಪು ಹಚ್ಚಿ ಸ್ನಾನ ಮಾಡಿಸುವುದು, ಬಾಲದ ಸುತ್ತಲ ಕೂದಲು ಕತ್ತರಿಸುವುದು, ಹಾಸಿಗೆ-ಬಟ್ಟೆ ಬಿಸಿನೀರಿನಲ್ಲಿ ಒಗೆದು ಬಿಸಿಲಲ್ಲಿ ಒಣಗಿಸುವುದು ಚಿಕಿತ್ಸೆಯ ಭಾಗವೇ. ಮನೆಯಲ್ಲಿ ಎರಡು ನಾಯಿ ಇದ್ದರೆ ಎರಡನೆಯದರ ಬಗ್ಗೆಯೂ ಡಾಕ್ಟರನ್ನು ಕೇಳಿ. ಕೊಕ್ಕೆಹುಳು, ಚಾಟಿಹುಳುಗಳ ವಿಷಯವೂ ಇದೇ ಪರೀಕ್ಷೆಯಲ್ಲಿ ತಿಳಿಯುತ್ತದೆ. ಕೊಕ್ಕೆಹುಳು ರಕ್ತ ಹೀರುವುದರಿಂದ ಮರಿಗಳು ಬಿಳಿಚಿಕೊಳ್ಳುತ್ತವೆ. ಬಾಲದ ಬಳಿ ಅಕ್ಕಿಕಾಳಿನಂಥ ತುಣುಕು ಕಂಡರೆ ಅದು ಲಾಡಿಹುಳು, ಚಿಗಟ ನುಂಗುವುದರಿಂದ ಬರುವಂಥದ್ದು. ಚಿಗಟ ಹೋಗದೆ ಅದು ಹೋಗುವುದಿಲ್ಲ.

ಕೋಳಿ-ಅನ್ನದ ಬಲೆ

ಈ ಲೇಖನದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ ಎಂದು ಕೇಳುತ್ತೇನೆ. ದೀರ್ಘಕಾಲದ ಕರುಳಿನ ತೊಂದರೆ ಇರುವ ನಾಯಿಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಬರೀ ಆಹಾರ ಬದಲಾವಣೆಗೇ ಸುಧಾರಿಸುತ್ತವೆ. ಹಾಗಿದ್ದೂ ಆ ಪ್ರಯತ್ನ ಸರಿಯಾಗಿ ನಡೆಯುವುದು ಅಪರೂಪ.

ನಾಯಿಗಳಲ್ಲಿ ಆಹಾರದ ಅಲರ್ಜಿಗೆ ಹೆಚ್ಚಾಗಿ ಕಾರಣವಾಗುವುದು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ. ಇವು ವಿಷವೇನಲ್ಲ, ದಿನವೂ ತಿನ್ನುವ ಪ್ರೋಟೀನಿಗೇ ದೇಹ ತಿರುಗಿಬೀಳುವುದರಿಂದ ಹೆಚ್ಚು ತಿನ್ನಿಸುವ ಪದಾರ್ಥಗಳೇ ಪಟ್ಟಿಯಲ್ಲಿ ಮೇಲೆ ಬರುತ್ತವೆ. ಬೆಂಗಳೂರಿನ ನಾಯಿಯ ದಿನಚರಿಯಲ್ಲಿ ಇವುಗಳಲ್ಲಿ ಮೂರು ಖಾಯಂ: ಕಿಬಲ್‌ನಲ್ಲಿ ಕೋಳಿ, ಬಿಸ್ಕತ್ತಿನಲ್ಲಿ ಗೋಧಿ, ಬಟ್ಟಲಲ್ಲಿ ಮೊಸರನ್ನ. ಹೊಟ್ಟೆ ಕೆಟ್ಟಾಗ ನಾವು ಪಥ್ಯವೆಂದು ಕೊಡುವುದೂ ಕೋಳಿಯನ್ನೇ. ಕೋಳಿಯೇ ಆಗದ ನಾಯಿಗೆ ಈ ಪಥ್ಯದಿಂದ ಕೊಬ್ಬು, ಮಸಾಲೆ ಕಡಿಮೆಯಾಗಿ ತಾತ್ಕಾಲಿಕ ಆರಾಮ ಸಿಗುತ್ತದೆ, ಮೂಲ ಹಾಗೇ ಉಳಿಯುತ್ತದೆ. ಚೀಲದ ಮುಂದೆ ಕುರಿಮಾಂಸವೆಂದು ದೊಡ್ಡದಾಗಿ ಬರೆದ ಕಿಬಲ್ಲಿನ ಹಿಂದಿನ ಸಣ್ಣಕ್ಷರ ಓದಿದರೆ ಅಲ್ಲೂ ಕೋಳಿಯ ಹಿಟ್ಟೋ ಕೊಬ್ಬೋ ಇರುವುದು ಸಾಮಾನ್ಯ.

ಸರಿಯಾದ ಆಹಾರ ಪರೀಕ್ಷೆಗೆ ಎರಡು ದಾರಿ. ಒಂದು, ಪಶುವೈದ್ಯರು ಬರೆದುಕೊಡುವ ಹೈಡ್ರೊಲೈಸ್ಡ್ ಆಹಾರ. ಇದರಲ್ಲಿ ಪ್ರೋಟೀನನ್ನು ದೇಹದ ರಕ್ಷಣಾ ವ್ಯವಸ್ಥೆ ಗುರುತಿಸಲಾಗದಷ್ಟು ಸಣ್ಣ ತುಣುಕುಗಳಾಗಿ ಒಡೆದಿರುತ್ತಾರೆ. ದುಬಾರಿ ನಿಜ, ಆದರೆ ಪುಟ್ಟ ನಾಯಿ ತಿನ್ನುವುದೂ ಕಡಿಮೆಯೇ. ಮಾಂಸ ಬೇಯಿಸದ ಮನೆಗಳಿಗಂತೂ ಇದೇ ಸುಲಭ. ಇನ್ನೊಂದು, ನಾಯಿ ಹಿಂದೆಂದೂ ತಿನ್ನದ ಒಂದೇ ಪ್ರೋಟೀನು ಮತ್ತು ಒಂದೇ ಪಿಷ್ಟ: ಮೀನು ಮತ್ತು ಸಿಹಿಗೆಣಸು, ಅಥವಾ ಮೇಕೆ ಮಾಂಸ ಮತ್ತು ಆಲೂಗಡ್ಡೆ, ಹೀಗೆ. ಉಪ್ಪು, ಅರಿಸಿನ, ಒಗ್ಗರಣೆ ಯಾವುದೂ ಇಲ್ಲ.

ಕರುಳಿನ ತೊಂದರೆಯಲ್ಲಿ ಫಲ ಬೇಗ ಗೊತ್ತಾಗುತ್ತದೆ, ಹೆಚ್ಚಿನ ಸಲ 2 ವಾರದಲ್ಲೇ. ಮೈ ತುರಿಕೆಯೂ ಇದ್ದರೆ ಅದು ಇಳಿಯಲು 8ರಿಂದ 12 ವಾರ ಕಾಯಬೇಕು. ಷರತ್ತು ಒಂದೇ, ಆದರೆ ಕಠಿಣ: ಬೇರೆ ಏನೂ ಬಾಯಿಗೆ ಹೋಗಬಾರದು. ಒಂದು ಬಿಸ್ಕತ್ತು, ಒಂದು ಚಮಚ ಮೊಸರು, ಕೋಳಿ ಸ್ವಾದದ ಅಗಿಯುವ ಕಡ್ಡಿ, ಮಾಂಸದ ರುಚಿ ಸೇರಿಸಿದ ಉಣ್ಣೆ (ಟಿಕ್) ಮಾತ್ರೆ, ಯಾವುದೂ ಇಲ್ಲ. ಉಣ್ಣೆಗೆ ಆ ಅವಧಿಯಲ್ಲಿ ಮೈಮೇಲೆ ಹಾಕುವ ಹನಿಮದ್ದನ್ನು ಕೇಳಿ ಪಡೆಯಿರಿ. ಅಜ್ಜಿ-ತಾತ, ಮನೆಕೆಲಸದವರು, ಪಕ್ಕದ ಮನೆಯ ಮಕ್ಕಳು, ಎಲ್ಲರಿಗೂ ಕಾರಣ ಬಿಡಿಸಿ ಹೇಳಿ. ಕೊಡುವ ಖುಷಿ ಅವರಿಗೂ ಇರಲಿ ಎಂದಾದರೆ ಅದೇ ಆಹಾರದ ನಾಲ್ಕು ಕಾಳನ್ನು ಒಂದು ಡಬ್ಬಿಯಲ್ಲಿ ಹಾಕಿ ಅವರ ಕೈಗೆ ಕೊಡಿ. "ಪಾಪ, ಮೂಕಪ್ರಾಣಿ" ಎಂಬ ಕರುಣೆ ದೊಡ್ಡದು, ಈ ಮೂಕಪ್ರಾಣಿಗೆ ಈಗ ಬೇಕಾದ ಕರುಣೆ ಅದೇ ರೂಪದ್ದಲ್ಲ. ಗುಣ ಕಂಡರೆ ಕೆಲವು ವಾರ ಮುಂದುವರಿಸಿ, ಆಮೇಲೆ ಹಳೆಯ ಪದಾರ್ಥಗಳನ್ನು ಒಂದೊಂದಾಗಿ, ಒಂದಕ್ಕೂ ಇನ್ನೊಂದಕ್ಕೂ ಎರಡು ವಾರ ಅಂತರ ಬಿಟ್ಟು ಕೊಟ್ಟು ನೋಡಬೇಕು. ಯಾವುದಕ್ಕೆ ಭೇದಿ ಮರಳಿತೋ ಅದೇ ಕಳ್ಳ. ಮೊದಲ ಆಹಾರಕ್ಕೆ ಫಲ ಸಿಗದಿದ್ದರೆ ಬೇರೆ ಬಗೆಯ ಇನ್ನೊಂದು ಆಹಾರವನ್ನು ಪ್ರಯತ್ನಿಸದೆ ಮುಂದಿನ ಔಷಧಿಗೆ ಹಾರಬೇಡಿ.

ಮನೆ ಅಡುಗೆಯನ್ನೇ ಖಾಯಂ ಮಾಡಬೇಕೆನ್ನುವವರಿಗೆ ಒಂದು ಎಚ್ಚರಿಕೆ. ಅನ್ನ-ಮಾಂಸ ಕೆಲವು ದಿನಕ್ಕೆ ಸರಿ, ತಿಂಗಳುಗಟ್ಟಲೆಗೆ ಕ್ಯಾಲ್ಸಿಯಂ ಸೇರಿ ಹಲವು ಪೋಷಕಾಂಶ ಸಾಲದು. "ನಾವು ರಾಗಿ ಹಾಕ್ತೀವಲ್ಲ" ಎನ್ನಬಹುದು. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, 100 ಗ್ರಾಂಗೆ ಸುಮಾರು 340 ಮಿ.ಗ್ರಾಂ. ಆದರೆ ಪುಟ್ಟ ನಾಯಿ ದಿನಕ್ಕೆ 60 ಗ್ರಾಂ ರಾಗಿಹಿಟ್ಟು ತಿಂದರೂ ಸಿಗುವುದು 200. 5 ಕೆಜಿಯ ನಾಯಿಗೆ ಬೇಕಾದ್ದು 400ಕ್ಕೂ ಹೆಚ್ಚು. ಖಾಯಂ ಮನೆ ಊಟಕ್ಕೆ ಪೋಷಕಾಂಶದ ಪುಡಿ ಸೇರಿಸಿ ಲೆಕ್ಕ ಹಾಕಿಕೊಡುವ ಪಶುವೈದ್ಯರ ಸಹಾಯ ಬೇಕೇ ಬೇಕು.

ದೊಡ್ಡ ಕರುಳಿನ ಕೆರಳಿಕೆಗೆ, ಅಂದರೆ ಲೋಳೆ-ತಿಣುಕಾಟದ ಭೇದಿಗೆ, ನಾರು ಚೆನ್ನಾಗಿ ಕೆಲಸ ಮಾಡುತ್ತದೆ. ಬೇಯಿಸಿದ ಸಿಹಿಗುಂಬಳ, ಅಥವಾ ಏನೂ ಬೆರೆಸದ ಇಸಬ್‌ಗೋಲ್ ಕಾಲು ಟೀ ಚಮಚದಿಂದ ಶುರು ಮಾಡಿ, ಊಟಕ್ಕೆ ಬೆರೆಸಿ, ನೀರು ಜೊತೆಗಿಟ್ಟು. ಪ್ರಮಾಣವನ್ನು ಡಾಕ್ಟರಿಂದ ಖಚಿತ ಮಾಡಿಕೊಳ್ಳಿ. ಪ್ರೊಬಯಾಟಿಕ್ ಪುಡಿಗಳಿಂದ ಸ್ವಲ್ಪ ಸಹಾಯವಾಗಬಹುದು, ಅವುಗಳ ಮೇಲೆ ಹೆಚ್ಚು ಭಾರ ಹಾಕಬೇಡಿ.

ಕರುಳಿನದೇ ತಪ್ಪಲ್ಲದಿದ್ದಾಗ

ಮಲಪರೀಕ್ಷೆ, ಆಹಾರ ಬದಲಾವಣೆ ಎರಡೂ ಉತ್ತರ ಕೊಡದಿದ್ದರೆ ಅಥವಾ ತೂಕ ಇಳಿಯುತ್ತಿದ್ದರೆ ರಕ್ತಪರೀಕ್ಷೆ ಮತ್ತು ಹೊಟ್ಟೆಯ ಸ್ಕ್ಯಾನ್ ತಡಮಾಡಬಾರದು. ವಾಂತಿ-ಭೇದಿಯ ವೇಷದಲ್ಲಿ ಬರುವ ಬೇರೆ ಕಾಯಿಲೆಗಳು ಹಲವು.

ಮೇದೋಜೀರಕ ಗ್ರಂಥಿಯ ಉರಿಯೂತ ಅವುಗಳಲ್ಲಿ ಮೊದಲನೆಯದು. ಜಿಡ್ಡಿನ ಊಟದ ನಂತರ ವಾಂತಿ, ಊಟ ಬಿಡುವುದು, ಮುಂಗಾಲು ನೆಲಕ್ಕೂರಿ ಹಿಂಭಾಗ ಎತ್ತಿ ನಿಲ್ಲುವುದು ಇದರ ಲಕ್ಷಣ. ಆ ಭಂಗಿ ಹೊಟ್ಟೆನೋವಿನದು. ಮಿನಿಯೇಚರ್ ಶ್ನಾಜರ್, ಯಾರ್ಕಿ (ಯಾರ್ಕ್‌ಶೈರ್ ಟೆರಿಯರ್) ತಳಿಗಳಲ್ಲಿ ಹೆಚ್ಚು. ಒಮ್ಮೆ ಬಂದ ನಾಯಿಗೆ ಮುಂದೆ ಜೀವನಪೂರ್ತಿ ಕೊಬ್ಬು ಕಡಿಮೆಯ ಊಟವೇ ಗತಿ, ಹಬ್ಬದ ದಿನವೂ. ಇದಕ್ಕೆಂದೇ ಈ ಗ್ರಂಥಿಯ ಲೈಪೇಸ್ ಎಂಬ ಕಿಣ್ವವನ್ನು ಅಳೆಯುವ ರಕ್ತಪರೀಕ್ಷೆ ಇದೆ.

ಆ್ಯಡಿಸನ್ ಕಾಯಿಲೆ ಅಪರೂಪವಾದರೂ ಮರುಕಳಿಸುವ ಭೇದಿಯ ಲೇಖನದಲ್ಲಿ ಬಿಡಬಾರದಂಥದ್ದು. ಅಡ್ರಿನಲ್ ಗ್ರಂಥಿ ಸಾಕಷ್ಟು ಹಾರ್ಮೋನು ತಯಾರಿಸದೆ ನಾಯಿ ಆಗಾಗ ಸೊರಗುತ್ತದೆ. ಬೋರ್ಡಿಂಗ್‌ನಲ್ಲಿ ಬಿಟ್ಟು ಬಂದಾಗ, ಪಟಾಕಿಯ ದಿನಗಳಲ್ಲಿ, ಮನೆ ತುಂಬ ನೆಂಟರಿದ್ದಾಗ ವಾಂತಿ-ಭೇದಿ ಬರುತ್ತದೆ, ಡ್ರಿಪ್ ಹಾಕಿದ ಕೂಡಲೇ ಚಿಗುರಿಕೊಳ್ಳುತ್ತದೆ. ಆ ಚೇತರಿಕೆಯೇ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ರಕ್ತದಲ್ಲಿ ಈ ಗ್ರಂಥಿಯ ಹಾರ್ಮೋನಾದ ಕಾರ್ಟಿಸಾಲನ್ನು ಒಮ್ಮೆ ಅಳೆದಾಗ ಅದು ಡೆಸಿಲೀಟರಿಗೆ 2 ಮೈಕ್ರೋಗ್ರಾಂಗಿಂತ ಮೇಲಿದ್ದರೆ ಈ ಅನುಮಾನ ಬಹುತೇಕ ಬಗೆಹರಿಯುತ್ತದೆ. ಕಡಿಮೆ ಇದ್ದರೆ ಮಾತ್ರ ಮುಂದಿನ ಪರೀಕ್ಷೆ ಬೇಕು. ವಯಸ್ಸಿಗೆ ತಕ್ಕಂತೆ ಬೆಳೆಯದ, ಊಟದ ನಂತರ ಮಂಕಾಗುವ ಯಾರ್ಕಿ, ಮಾಲ್ಟೀಸ್ ಮರಿಯಾದರೆ ಲಿವರಿಗೆ ಹೋಗಬೇಕಾದ ರಕ್ತನಾಳ ಹುಟ್ಟಿನಿಂದಲೇ ಅಡ್ಡದಾರಿ ಹಿಡಿದಿರಬಹುದು. ನಮ್ಮ ಊರಿನಲ್ಲಿ ಬಹಳ ಕಾಣುವ ಟಿಕ್ ಫೀವರ್ ಕೂಡ ಕೆಲವೊಮ್ಮೆ ಊಟ ಬಿಡುವುದು, ವಾಂತಿ ಎಂದೇ ಶುರುವಾಗುತ್ತದೆ.

ಎಲ್ಲವೂ ಇಷ್ಟು ಗಂಭೀರವಲ್ಲ. ಬೆಳಗಿನ ಜಾವ ಖಾಲಿ ಹೊಟ್ಟೆಯಲ್ಲಿ ಹಳದಿ ನೊರೆ ಕಕ್ಕಿ, ಆಮೇಲೆ ಏನೂ ಆಗಿಲ್ಲವೆಂಬಂತೆ ತಿಂಡಿ ತಿನ್ನುವ ನಾಯಿಗೆ ರಾತ್ರಿ ಮಲಗುವ ಮುಂಚೆ ಸ್ವಲ್ಪ ಊಟ ಕೊಟ್ಟರೆ ಸಾಮಾನ್ಯವಾಗಿ ನಿಲ್ಲುತ್ತದೆ. ನೆಲಕ್ಕೆ ಹಿಂಭಾಗ ಉಜ್ಜುತ್ತಿದ್ದರೆ ಗುದದ ಪಕ್ಕದ ಗ್ರಂಥಿಗಳು ತುಂಬಿರಬಹುದು. ಮೆದು ಮಲ ಬಹಳ ದಿನ ಇದ್ದರೆ ಅವು ಖಾಲಿಯಾಗುವುದಿಲ್ಲ.

ಸಣ್ಣ ಕರುಳಿನ ದೀರ್ಘ ತೊಂದರೆಯಲ್ಲಿ ರಕ್ತದ ಎರಡು ಅಂಕಿಗಳನ್ನು ವಿಶೇಷವಾಗಿ ಕೇಳಿ: ಬಿ12 ವಿಟಮಿನ್ ಮತ್ತು ಆಲ್ಬುಮಿನ್ ಎಂಬ ರಕ್ತದ ಪ್ರೋಟೀನು. ಬಿ12 ಕೆಳಗಿದ್ದರೆ ಅದನ್ನು ತುಂಬುವವರೆಗೆ ಬೇರೆ ಚಿಕಿತ್ಸೆ ಸರಿಯಾಗಿ ಹತ್ತುವುದಿಲ್ಲ. ಇಂಜೆಕ್ಷನ್ ಅಥವಾ ಮಾತ್ರೆ, ಎರಡೂ ನಡೆಯುತ್ತವೆ. ಆಲ್ಬುಮಿನ್ ಇಳಿಯುತ್ತಿದ್ದರೆ ಕರುಳಿನಿಂದ ಪ್ರೋಟೀನು ಸೋರುತ್ತಿದೆ ಎಂಬ ಅನುಮಾನ. ಯಾರ್ಕಿಗಳಲ್ಲಿ ಇದು ಹೆಚ್ಚು, ಹೊಟ್ಟೆಯಲ್ಲಿ ನೀರು ತುಂಬುವ ಹಂತಕ್ಕೂ ಹೋಗಬಹುದು. ಇಲ್ಲಿ ಎಂಡೋಸ್ಕೋಪಿ ಮಾಡಿ ಕರುಳಿನ ಸಣ್ಣ ತುಣುಕನ್ನು ಪರೀಕ್ಷಿಸುವ ಮಾತು ಬರುತ್ತದೆ. ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ದೊಡ್ಡ ಆಸ್ಪತ್ರೆಗೆ ಪತ್ರ ಕೊಡಿ ಎಂದು ಕೇಳುವುದರಲ್ಲಿ ತಪ್ಪಿಲ್ಲ, ಒಳ್ಳೆಯ ಡಾಕ್ಟರು ಬೇಜಾರೂ ಮಾಡಿಕೊಳ್ಳುವುದಿಲ್ಲ. 1958ರಲ್ಲಿ ಶುರುವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಸಾರ್ವಜನಿಕರ ಸಾಕುಪ್ರಾಣಿಗಳನ್ನೂ ನೋಡುತ್ತದೆ. ಹೋಗುವಾಗ ಹಳೆಯ ರಿಪೋರ್ಟು, ಕೊಟ್ಟ ಮಾತ್ರೆಗಳ ಹೆಸರು, ನಿಮ್ಮ ನೋಟ್‌ಬುಕ್ಕು ಎಲ್ಲವನ್ನೂ ಒಯ್ಯಿರಿ.

ಉರಿಯೂತ ಖಚಿತವಾದರೆ ಸ್ಟೀರಾಯ್ಡ್ ಬರೆಯುತ್ತಾರೆ. ಹಸಿವು, ಬಾಯಾರಿಕೆ, ಮೂತ್ರ ಹೆಚ್ಚುವುದು ಅದರ ನಿರೀಕ್ಷಿತ ಪರಿಣಾಮ. ಹೆಚ್ಚು ಸಲ ಹೊರಗೆ ಕರೆದೊಯ್ಯಲು ಯಾರಾದರೂ ಮನೆಯಲ್ಲಿರಲಿ. ಮಲ ಗಟ್ಟಿಯಾಯಿತೆಂದು ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಡೋಸನ್ನು ವಾರಗಳ ಕಾಲ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು, ಪ್ರತಿ ಇಳಿಕೆಯ ಮುಂಚೆ ತೂಕ ನೋಡಬೇಕು, ಆಲ್ಬುಮಿನ್ ಕಡಿಮೆ ಇದ್ದ ನಾಯಿಯಾದರೆ ರಕ್ತವನ್ನೂ ಮತ್ತೆ ಪರೀಕ್ಷಿಸಬೇಕು. ಆ ಅವಧಿಯಲ್ಲೂ ಆಹಾರದ ಕಟ್ಟುನಿಟ್ಟು ಮೊದಲಿನಷ್ಟೇ ಇರಲಿ, ಏಕೆಂದರೆ ಆಹಾರ ಹಿಡಿತದಲ್ಲಿರುವ ನಾಯಿಗಳಲ್ಲಿ ಡೋಸನ್ನು ಹೆಚ್ಚು ಇಳಿಸಲು ಸಾಧ್ಯವಾಗುತ್ತದೆ, ಕೆಲವಕ್ಕೆ ಮಾತ್ರೆಯನ್ನು ಪೂರ್ತಿ ಬಿಡಿಸಲೂ ಆಗುತ್ತದೆ.